ಖಾಲಿ ಕೊಡದ ಬಾಟಲಿಗಳು

ಸುಚಿತಾ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು. ಟೆಂಪೋದಿಂದ ಇಳಿಸುವ ಕ್ರೇಟುಗಳಲ್ಲಿ ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಅದರ ಬೆನ್ನಿಗೇ ಡ್ರೈವರ್ ಅನೂಪನಿಗೆ ಅವಳ ಬೈಗುಳ. ಮೆಲ್ಲಗೆ ಇಳಿಸು ಎಂದರೆ ಆ ಪುಣ್ಯಾತ್ಮನ ತಲೆಗೆ ಹೋಗುತ್ತಿರಲಿಲ್ಲ. ಹಳದೀಪುರದ ಹೆದ್ದಾರಿ ಬದಿಯಲ್ಲಿ ನನ್ನ ಚಾ ಅಂಗಡಿ. ರಸ್ತೆಯಾಚೆ ಶ್ರೀಧರ ಹೆಗಡೆಯವರ ಉಪ್ಪಿನಕಾಯಿ ಮತ್ತು ಕೋಕಂ ಶರಬತ್ತಿನ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು, ಶೀಟು ಹೊದೆಸಿದ ಉದ್ದನೆಯ ಒಂದು ಶೆಡ್ಡು, ಅಷ್ಟೆ. ಸುಚಿತಾ ಆ ಕಾರ್ಖಾನೆಯವಳು. ಆದರೆ ಬಾಟಲಿಗಳು ಮೊದಲು ಬರುತ್ತಿದ್ದದ್ದು ನನ್ನ ಅಂಗಡಿಯ ಬೆಂಚಿಗೆ. ಅದಕ್ಕೆ ಕಾರಣವಿತ್ತು.

ಕೋವಿಡ್ ಕಳೆದ ಮೇಲೆ ಹೆಗಡೆಯವರ ತಮ್ಮನ ಮಗಳು ಅರ್ಚಿತಾ ಓದು ಮುಗಿಸಿ ಬಂದು ಕಾರ್ಖಾನೆಯ ವ್ಯವಹಾರಕ್ಕೆ ಕೈಹಾಕಿದಳು. ಹೋದ ಬಾಟಲಿ ಮರಳಿ ಬರಬೇಕು, ತೊಳೆದು ಮತ್ತೆ ತುಂಬಬೇಕು, ಗಾಜು ಊರು ಬಿಟ್ಟು ಹೋಗಬಾರದು, ಕಸಕ್ಕೂ ಬೀಳಬಾರದು ಎಂಬುದು ಅವಳ ಹಟ. ನೋಡಲು ಚಿಕ್ಕ ಹುಡುಗಿ, ಮಾತು ಖಡಕ್ಕು. ಬಾಟಲಿ ತೊಳೆಯುವ ಯಂತ್ರ ಬಂತು, ಉಗಿಯಲ್ಲಿ ಬೇಯಿಸುವ ದೊಡ್ಡ ಪೆಟ್ಟಿಗೆ ಬಂತು. ಬಾಟಲಿ ಮರಳಿಸಿದವರಿಗೆ ಮುಂದಿನ ಖರೀದಿಯಲ್ಲಿ ರಿಯಾಯಿತಿ ಎಂದು ಲೇಬಲಿನ ಮೇಲೆ ಅಚ್ಚಾಯಿತು. ಎಲ್ಲವೂ ಬಂತು, ಬಾಟಲಿ ಮಾತ್ರ ಬರಲಿಲ್ಲ. ನಮ್ಮ ಕಡೆಯವರು ರಿಯಾಯಿತಿಗಾಗಿ ಖಾಲಿ ಬಾಟಲಿ ಹೊತ್ತು ಅಂಗಡಿಗೆ ಹೋಗುವ ಜಾತಿಯಲ್ಲ. ನಾಲ್ಕು ಜನ ನೋಡಿದರೆ ಏನೆಂದುಕೊಂಡಾರು ಎಂಬ ಬಿಂಕ.

ಆಗ ಸಿಕ್ಕಿದವಳು ಸುಚಿತಾ. ಗಂಡ ನಿತ್ಯಾನಂದ ಮದುವೆ ಮುಂಜಿಗಳಿಗೆ ಅಡುಗೆಗೆ ಹೋಗುವವನು. ಹವ್ಯಕ ಬ್ರಾಹ್ಮಣರು, ಇಲ್ಲೇ ಬಾಡಿಗೆ ಮನೆಯಲ್ಲಿದ್ದರು. ಮನೆಮನೆಗೆ ಹೋಗಿ ಬಾಟಲಿ ಸಂಗ್ರಹಿಸುವ ಕೆಲಸಕ್ಕೆ ಅವಳನ್ನು ಇಟ್ಟುಕೊಂಡರು. ಅವಳು ಮಾಡಿದ್ದು ಬಹಳ ಸರಳ. ಬಾಟಲಿ ಕೇಳುವುದಕ್ಕೆ ಅಂತ ಹೋಗುತ್ತಲೇ ಇರಲಿಲ್ಲ. ಹೋಗಿ ಕೂರುತ್ತಿದ್ದಳು. ಸೊಸೆಯ ಬಾಣಂತನ, ನಾಯಿ ಕಚ್ಚಿದ್ದು, ನೆಂಟರ ಮನೆಯ ಜಗಳ ಎಲ್ಲ ಕೇಳಿಸಿಕೊಂಡು ಏಳುವ ಹೊತ್ತಿಗೆ ಬಾಟಲಿ ತಾನಾಗಿ ಒಳಗಿನಿಂದ ಬರುತ್ತಿತ್ತು. ಭಟ್ಕಳದ ಪೇಟೆಯಿಂದ ಕುಮಟೆಯ ಆಚೆಯವರೆಗೆ ಅವಳು ಕೂರದ ಜಗಲಿ ಉಳಿಯಲಿಲ್ಲ. ಭಟ್ಕಳಕ್ಕೆ ಹೋದರೆ ಅಲ್ಲಿಯವರ ಹಾಗೆ ಮಾತು, ಕೊಂಕಣಿಯವರ ಮನೆಯಲ್ಲಿ ಕೊಂಕಣಿ, ನನ್ನ ಅಂಗಡಿಯಲ್ಲಿ ನನ್ನ ಹಾಗೆ. ಹವ್ಯಕರ ಮಾತು ಬರುತ್ತಿದ್ದದ್ದು ಹೆಗಡೆಯವರ ಎದುರು ಮಾತ್ರ. ಹಾಗಾಗಿ ಇವಳು ಯಾರ ಪೈಕಿ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ, ಅವಳಾಗಿ ಹೇಳುವವಳೂ ಅಲ್ಲ.

ಬಾಟಲಿಗಳೇನೋ ಬಂದವು. ಆದರೆ ಖಾಲಿ ಬರಲಿಲ್ಲ. ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಮರಳಿಸುವುದುಂಟೇ? ಪಕ್ಕದ ಮನೆಯವರು ಪಾಯಸ ಕೊಟ್ಟ ಲೋಟದಲ್ಲಿ ಒಂದು ಚೂರು ಬೆಲ್ಲವಾದರೂ ಹಾಕಿ ಕೊಡುತ್ತೇವೆ. ಬರಿದು ಕೊಟ್ಟರೆ ಇನ್ನು ನಿಮ್ಮ ಮನೆಯ ಸಂಬಂಧ ಸಾಕು ಎಂದಂತೆ. ಕಾರ್ಖಾನೆಯ ಬಾಟಲಿಗೆ ಈ ಶಾಸ್ತ್ರ ಬೇಡ ಎಂದು ಅರ್ಚಿತಾಳಿಗೆ ಅನ್ನಿಸಬಹುದು, ನಮ್ಮ ಹೆಂಗಸರಿಗೆ ಅನ್ನಿಸಲಿಲ್ಲ. ಬಾಟಲಿ ಒಯ್ಯುವವಳು ಸುಚಿತಾ, ಅಂದ ಮೇಲೆ ಅದು ಸುಚಿತಾಳ ಮನೆಯ ಪಾತ್ರೆ. ಭಟ್ಕಳದ ನವಾಯತ ಮುಸ್ಲಿಮರ ಮನೆಯಿಂದ ಬಂದ ಬಾಟಲಿಯಲ್ಲಿ ಖರ್ಜೂರ, ಹೊನ್ನಾವರದ್ದರಲ್ಲಿ ಗೇರುಬೀಜ, ಕುಮಟೆಯದ್ದರಲ್ಲಿ ಬೆಂಡೆಬೀಜ, ಅರಿಶಿನದ ಕೊಂಬು, ಹಿಡಿ ಅವಲಕ್ಕಿ. ದಯವಿಟ್ಟು ಖಾಲಿ ಬಾಟಲಿ ಕೊಡಿ ಎಂದು ಅರ್ಚಿತಾ ಲೇಬಲಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿದಳು. ಓದಿದವರು ನಕ್ಕು ಇನ್ನೊಂದು ಹಿಡಿ ಹೆಚ್ಚು ಹಾಕಿದರು.

ಅದಕ್ಕೇ ಈ ಬೆಂಚು. ರಸ್ತೆ ದಾಟುವ ಮೊದಲು ಸುಚಿತಾ ಇಲ್ಲಿ ಕೂತು ಒಂದೊಂದೇ ಬಾಟಲಿಯ ಮುಚ್ಚಳ ತೆಗೆದು, ಇದ್ದದ್ದನ್ನು ಚೀಲಕ್ಕೆ ಸುರಿದು, ಬಾಟಲಿಯನ್ನು ಒಮ್ಮೆ ಬಗ್ಗಿಸಿ ನೋಡಿ, ಆಮೇಲೆ ಕ್ರೇಟಿಗೆ ಇಡುತ್ತಿದ್ದಳು. ಗಿರಾಕಿಗಳಿಗೆ ಕೂರಲು ಜಾಗವಿಲ್ಲ ಎಂದು ನಾನು ಗೊಣಗುತ್ತಿದ್ದೆ. ಗೊಣಗಿದರೆ ಬಾಯಿಗೊಂದು ಗೇರುಬೀಜ ಸಿಗುತ್ತಿತ್ತು. ಆ ಕೆಲಸವನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳು ಮಾಡುತ್ತಾಳೆ ಎಂದು ಹೆಗಡೆಯವರಿಗೆ ಸರಿಯಾಗಿ ಗೊತ್ತೂ ಇರಲಿಲ್ಲ. ಇಡೀ ವ್ಯವಸ್ಥೆ ಆ ಬೆಂಚಿನ ಮೇಲೆ ನಿಂತಿತ್ತು ಎಂದು ನಾನು ಈಗ ಹೇಳಬಲ್ಲೆ.

ಇನ್ನು ಮಾದೇವಿಯ ವಿಷಯ. ಧಾರೇಶ್ವರದಲ್ಲಿ ದೇವಸ್ಥಾನ ದಾಟಿ ಸಮುದ್ರದ ಕಡೆ ಇಳಿದರೆ ಅವಳ ಮನೆ. ಮಗ ಬೊಮ್ಮಯ್ಯ ದೋಣಿಗೆ ಹೋಗುವವನು, ಸೊಸೆ, ಮೊಮ್ಮಕ್ಕಳು, ತುಂಬಿದ ಮನೆ. ಮಾದೇವಿ ಅಂಗಳದಲ್ಲಿ ಮೀನು ಒಣಗಿಸಿ ಸಂತೆಯಲ್ಲಿ ಮಾರುವವಳು. ಹೆಗಡೆಯವರ ಮಾವಿನಮಿಡಿ ಉಪ್ಪಿನಕಾಯಿ ಎಂದರೆ ಆ ಕೇರಿಯವರಿಗೆ ಪ್ರಾಣ; ಗಂಜಿಯ ಜೊತೆ ಬೇರೇನೂ ಬೇಡ. ಇಡೀ ಕೇರಿಯ ಬಾಟಲಿಗಳನ್ನು ಮಾದೇವಿ ತಾನೇ ಒಟ್ಟುಮಾಡಿ, ಬೂದಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು ಒಣಗಿಸಿ ಇಡುತ್ತಿದ್ದಳು. ಒಂದಾದರೂ ಒಡೆದದ್ದಿಲ್ಲ, ಕಳೆದದ್ದಿಲ್ಲ. ಯಂತ್ರಕ್ಕೆ ಹಾಕುವ ಅಗತ್ಯವೇ ಇಲ್ಲ ಎಂದು ಸುಚಿತಾ ಹೇಳುತ್ತಿದ್ದಳು. ಆ ಸಾಲಿನಲ್ಲಿ ಒಂದು ಬಾಟಲಿ ಮಾತ್ರ ಭರ್ತಿ. ಅದರೊಳಗೆ ಬಟ್ಟೆಯಲ್ಲಿ ಗಂಟು ಕಟ್ಟಿದ ಒಣ ಸಿಗಡಿ, ನಮ್ಮ ಕಡೆಯ ಮಾತಲ್ಲಿ ಶೆಟ್ಲಿ.

ಮೊದಲ ಸಲ ಅದನ್ನು ತಂದ ದಿನ ಸುಚಿತಾ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಂಚಿನ ತುದಿಯಲ್ಲಿಟ್ಟಳು. ಮುಖ ನೋಡಿದರೆ ನಗು ಬರುವಂತಿತ್ತು. ಹುಟ್ಟಿದಂದಿನಿಂದ ಮೀನಿನ ವಾಸನೆಗೆ ಮೂಗು ಮುಚ್ಚಿದವಳು ಅವಳು. ಬೇಡ ಎನ್ನಬೇಕಿತ್ತಲ್ಲ ಎಂದೆ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಹೇಗೆ ಬೇಡ ಅನ್ನಲಿ ಎಂದು ಅವಳೇ ನನ್ನನ್ನು ಗದರಿದಳು. ನನ್ನ ಹೆಂಡತಿ ಸುಪ್ರಿಯಾ ಒಳಗಿನಿಂದ ಬಂದು ಗಂಟು ಬಿಚ್ಚಿ ನೋಡಿ, ಇಷ್ಟು ಒಳ್ಳೆಯದು ಪೇಟೆಯಲ್ಲಿ ಸಿಗುವುದಿಲ್ಲ ಎಂದು ಸೆರಗಿಗೆ ಹಾಕಿಕೊಂಡಳು. ಅಂದು ರಾತ್ರಿ ನಮ್ಮ ಮನೆಯಲ್ಲಿ ಸಿಗಡಿ ಚಟ್ನಿ.

ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಸಲ ಹೋದಾಗ ಮಾದೇವಿ ಕೇಳಿದ್ದಾಳೆ, ಹೇಗಿತ್ತು ಅಂತ. ಇವಳು ಚಲೋ ಇತ್ತು ಎಂದುಬಿಟ್ಟಿದ್ದಾಳೆ. ಎಂತ ಮಾಡಿದೆ ಎಂದರೆ ಚಟ್ನಿ ಎಂದಿದ್ದಾಳೆ. ಕಾಯಿ ಹುರಿದು ಹಾಕಿದೆಯೋ ಹಸಿದೋ ಎಂದು ಕೇಳಿದಾಗ ಪೇಚಿಗೆ ಸಿಕ್ಕಿ, ಬಂದು ಸುಪ್ರಿಯಾಳ ಎದುರು ಕೂತಳು. ಸುಪ್ರಿಯಾ ನಗುತ್ತ ಪಾಠ ಹೇಳಿದಳು: ಬಾಣಲೆಯಲ್ಲಿ ಗರಿಗರಿಯಾಗುವಷ್ಟು ಹುರಿಯಬೇಕು, ತಲೆ ಬಾಲ ಮುರಿದು ಹಾಕಬೇಕು, ಹುಳಿ ಸ್ವಲ್ಪ ಮುಂದಾಗಬೇಕು. ತಿನ್ನದವಳು ತಿನ್ನುವವರಿಗಿಂತ ಚೆನ್ನಾಗಿ ಅದನ್ನು ವರ್ಣಿಸುವುದು ಕಲಿತಳು. ನಾವು ಮೂವರೂ ಇದನ್ನು ತಮಾಷೆ ಎಂದೇ ತಿಳಿದಿದ್ದೆವು.

ಆದರೆ ಅದು ತಮಾಷೆಯಲ್ಲ ಎಂದು ನನಗೆ ಮೊದಲು ಅನ್ನಿಸಿದ್ದು ಒಂದು ಮಳೆಗಾಲದಲ್ಲಿ. ದೋಣಿಗಳೆಲ್ಲ ದಡದಲ್ಲಿದ್ದ ಸಮಯ, ಮಾರಲಿಕ್ಕೇ ಮೀನಿಲ್ಲ. ಆಗಲೂ ಮಾದೇವಿ ತಮ್ಮ ಮನೆಗೆಂದು ಕೂಡಿಟ್ಟದ್ದರಲ್ಲಿ ಒಂದು ಗಂಟು ಇವಳಿಗೆ ಇಟ್ಟಿದ್ದಳು. ನನಗೆ ಸಿಟ್ಟು ಬಂತು. ಆ ಹೆಂಗಸಿನ ಮನೆಯ ಬಾಯಿಂದ ತೆಗೆದು ನನ್ನ ಮನೆಗೆ ತಂದು ಕೊಡುತ್ತಿದ್ದೀಯಲ್ಲ, ನಾಳೆಯೇ ಹೋಗಿ ಹೇಳು ಎಂದೆ. ಸುಚಿತಾ ಕೈಯಲ್ಲಿದ್ದ ಬಾಟಲಿಯನ್ನು ಕ್ರೇಟಿಗಿಟ್ಟಳು. ಆಮೇಲೆ ತನ್ನ ತವರಿನ ವಿಷಯ ತೆಗೆದಳು. ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೆ ಅವಳ ಅಜ್ಜಿ ಚಾ ಕೊಡುತ್ತಿದ್ದದ್ದು ಅಂಗಳದಲ್ಲಿ, ಬೇರೆ ಲೋಟದಲ್ಲಿ, ಎತ್ತರದಿಂದ ಹೊಯ್ದು. ಚಿಕ್ಕವಳಿದ್ದಾಗ ಅದನ್ನು ನೋಡಿ ಬೆಳೆದವಳು. ಮಾದೇವಿಯ ಮನೆಯಲ್ಲಿ ಒಲೆಯ ಪಕ್ಕ ಮಣೆ ಹಾಕಿ ಕೂರಿಸುತ್ತಾರೆ, ಮೊಮ್ಮಗಳು ತೊಡೆಯೇರಿ ಮಲಗುತ್ತಾಳೆ, ಅವರು ಕುಡಿಯುವ ಲೋಟದಲ್ಲೇ ಚಾ ಕೊಡುತ್ತಾರೆ. ಹೇಳಿದರೆ ಆ ಮಣೆ ಹೋಗುತ್ತದೆ.

“ಅವ್ರು ನನ್ನ ತಂಗೀ ಅಂತ್ರು ಮೋಹನಣ್ಣ,” ಎಂದಳು. “ಗೊತ್ತಾದ್ರೆ ಅಮ್ಮ ಅಂತ್ರು. ನಂಗೆ ಅದು ಬ್ಯಾಡ.”

ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಅವಳು ಹೆದರಿದ್ದು ಯಾವುದಕ್ಕೆ ಎಂದು ಅರ್ಥವಾಗಿತ್ತು, ಅದು ಬರಿಯ ಹೆದರಿಕೆಯಲ್ಲ ಎಂದೂ ಗೊತ್ತಿತ್ತು. ನಮ್ಮ ಕಡೆ ಹಳಬರು ಇನ್ನೂ ಹಾಗೆಯೇ, ದೊಡ್ಡ ಜಾತಿಯ ಹೆಂಗಸೆಂದರೆ ಅಮ್ಮ ಎಂದು ದೂರ ನಿಲ್ಲುವವರು. ಮುಂದಿನ ಸಲ ಹೇಳುತ್ತೇನೆ ಎಂದು ಅವಳು ಹೇಳುತ್ತಲೇ ಇದ್ದಳು, ಸಲಗಳು ಕಳೆಯುತ್ತಲೇ ಇದ್ದವು.

ಕಳೆದ ವರ್ಷ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ಹಾಸಿಗೆ ಬಿಟ್ಟು ಏಳಲಾರದಂಥ ಜ್ವರ. ಮಾವಿನಮಿಡಿಯ ಕಾಲ, ಕಾರ್ಖಾನೆಗೆ ಬಾಟಲಿ ತುರ್ತಾಗಿ ಬೇಕು. ಅನೂಪ ಒಬ್ಬನೇ ಹೋಗಿ ಧಾರೇಶ್ವರದ ಕ್ರೇಟುಗಳನ್ನು ತಂದ. ಅವನಿಗೆ ಬೆಂಚಿನ ಗೊಡವೆ ಯಾಕೆ? ನೇರ ಶೆಡ್ಡಿಗೆ ಇಳಿಸಿದ. ಅಲ್ಲಿ ತೊಳೆಯುವವರು ಅವಸರದಲ್ಲಿ ಮುಚ್ಚಳಗಳನ್ನೆಲ್ಲ ಬಿಚ್ಚಿ ಬಿಸಿನೀರಿನ ಟಾಕಿಗೆ ಸುರಿಯುವಾಗ ಆ ಗಂಟೂ ಅದರೊಳಗೆ ಹೋಯಿತು. ಇಡೀ ರಾತ್ರಿ ಮುಚ್ಚಳಗಳ ಜೊತೆ ನೆನೆಯಿತು. ಗಾಜಿಗೆ ಏನೂ ಆಗಲಿಲ್ಲ; ಮುಚ್ಚಳದೊಳಗಿನ ರಬ್ಬರು ವಾಸನೆ ಹಿಡಿಯಿತು. ಉಪ್ಪಿನಕಾಯಿಯ ಮಸಾಲೆಯ ಘಾಟಿನಲ್ಲಿ ಅಲ್ಲಿದ್ದವರಿಗೆ ತಿಳಿಯಲಿಲ್ಲ. ಅಡಿಕೆ ತೋಟದ ಹವ್ಯಕರ ಮನೆಗಳಲ್ಲಿ ಬಾಟಲಿ ತೆರೆದವರಿಗೆ ತಿಳಿಯಿತು.

ಫೋನಿನ ಮೇಲೆ ಫೋನು ಬಂತು. ಮೊದಲು ವಾಸನೆಯ ದೂರು, ಆಮೇಲೆ ಪ್ರಶ್ನೆ. ಈ ಬಾಟಲಿ ನಮಗಿಂತ ಮುಂಚೆ ಯಾರ ಮನೆಯಲ್ಲಿತ್ತು? ಅಲ್ಲಿಯವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಅದು. ತಮ್ಮ ಅಡುಗೆಮನೆಯ ಶೆಲ್ಫಿನಲ್ಲಿದ್ದ ಬಾಟಲಿ ಇನ್ನೊಬ್ಬರ ಅಡುಗೆಮನೆಯಲ್ಲಿ ಏನು ಕಂಡಿರಬಹುದು ಎಂದು ಒಮ್ಮೆ ಯೋಚನೆ ಹೊಕ್ಕರೆ ಅದನ್ನು ಹೊರಗೆ ಹಾಕುವ ಯಂತ್ರ ಅರ್ಚಿತಾಳ ಹತ್ತಿರವೂ ಇರಲಿಲ್ಲ. ಉಗಿಯಲ್ಲಿ ಬೇಯಿಸಿದ್ದೇವೆ, ಆಸ್ಪತ್ರೆಯಲ್ಲೂ ಇಷ್ಟು ಶುದ್ಧ ಇರುವುದಿಲ್ಲ ಎಂದು ಆ ಹುಡುಗಿ ಒಬ್ಬೊಬ್ಬರಿಗೂ ಹೇಳಿದಳು. ಸೋತಳು. ಹೋಟೆಲಿನಲ್ಲಿ ಯಾರೋ ತಿಂದ ತಟ್ಟೆಯಲ್ಲಿ ದೋಸೆ ತಿನ್ನುವ ಜನ ಉಪ್ಪಿನಕಾಯಿ ಬಾಟಲಿಗೆ ಮಡಿ ಕೇಳಿದರೆ ನನಗೆ ಮೈ ಉರಿಯುತ್ತದೆ.

ಶ್ರೀಧರ ಹೆಗಡೆ ಕೆಟ್ಟವರಲ್ಲ. ಮಾರಾಟ ನಿಂತರೆ ಹತ್ತಾರು ಜನರ ಕೆಲಸ ಹೋಗುತ್ತದೆ ಎಂಬ ಭಯ ಅವರದ್ದು. ಟಾಕಿಯ ತಳದಲ್ಲಿ ಆ ಗಂಟು ಸಿಕ್ಕ ಮೇಲೆ, ಸಮುದ್ರದ ಕಡೆಯ ಕೇರಿಗಳಿಂದ ಇನ್ನು ಬಾಟಲಿ ತರುವುದು ಬೇಡ, ಅವರಿಗೆ ಪ್ಲಾಸ್ಟಿಕ್ ಪಾಕೀಟಿನಲ್ಲಿ ಕೊಟ್ಟರಾಯಿತು ಎಂದು ತೀರ್ಮಾನಿಸಿದರು. ಜ್ವರ ಇಳಿದ ಸುಚಿತಾ ಸುದ್ದಿ ಕೇಳಿ ನೇರ ಅವರ ಎದುರು ಹೋಗಿ ನಿಂತಳು. ಚಾ ಕೊಡಲು ಹೋದ ನಾನೂ ಅಲ್ಲಿದ್ದೆ. ಬಾಟಲಿಯಲ್ಲಿ ಅದು ಇರುತ್ತದೆ ಎಂದು ನಿನಗೆ ಮೊದಲೇ ಗೊತ್ತಿತ್ತೇ ಎಂದು ಹೆಗಡೆಯವರು ಕೇಳಿದರು.

“ಗೊತ್ತಿತ್ತು,” ಎಂದಳು. “ತಪ್ಪು ನಂದು. ಮಾದೇವಕ್ಕಂದು ಎಂತದೂ ಇಲ್ಲೆ.”

ಹೆಗಡೆಯವರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ನಮ್ಮ ಪೈಕಿ ಹೆಂಗಸು ಇಷ್ಟು ಕಾಲ ಅದನ್ನು ಮುಟ್ಟಿ ಹೊತ್ತು ತಂದಳೇ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಇನ್ನು ಮೇಲೆ ತೋಟದ ಮನೆಗಳಿಗೆ ಮಾತ್ರ ಹೋಗು ಎಂದರು. ಅವಳು ಎಷ್ಟು ವಾದಿಸಿದರೂ ಆ ಮಾತು ಬದಲಾಗಲಿಲ್ಲ.

ತೋಟದ ಮನೆಗಳಿಂದ ಬಾಟಲಿ ಎಲ್ಲಿ ಬರಬೇಕು? ಅವರೆಲ್ಲ ಕೊಂಡದ್ದಲ್ಲದೆ ಮನೆಯಲ್ಲೂ ಉಪ್ಪಿನಕಾಯಿ ಹಾಕುವವರು. ಗಟ್ಟಿ ಮುಚ್ಚಳದ ದಪ್ಪ ಗಾಜಿನ ಬಾಟಲಿ ಕೈಗೆ ಸಿಕ್ಕರೆ ಬಿಟ್ಟುಕೊಡುತ್ತಾರೆಯೇ? ಒಂದರಲ್ಲಿ ತುಪ್ಪ, ಒಂದರಲ್ಲಿ ಜೇನು, ಒಂದರಲ್ಲಿ ಅಪ್ಪೆಮಿಡಿ. ಇಷ್ಟು ವರ್ಷ ಬಾಟಲಿಯ ಚಕ್ರ ತಿರುಗುತ್ತಿದ್ದದ್ದು ಸಮುದ್ರದ ಬದಿಯ ಹೆಂಗಸರಿಂದ ಎಂದು ಆಗ ಗೊತ್ತಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ತೊಳೆಯುವ ಯಂತ್ರ ನಿಂತಿತು, ಎಲ್ಲವೂ ಪಾಕೀಟಿಗೆ ಬಂತು. ಅರ್ಚಿತಾ ಅತ್ತಳು ಎಂದು ಸುಪ್ರಿಯಾ ಹೇಳಿದಳು. ಈಗ ನನ್ನ ಅಂಗಡಿಯ ಎದುರಿನ ಚರಂಡಿಯಲ್ಲೂ ಹೆಗಡೆಯವರ ಹೆಸರಿನ ಪಾಕೀಟುಗಳು ಬಿದ್ದಿರುತ್ತವೆ. ಬೆಳಿಗ್ಗೆ ಗುಡಿಸುವಾಗ ನಾನು ಬೈದುಕೊಂಡೇ ಗುಡಿಸುತ್ತೇನೆ.

ಸುಚಿತಾಳಿಗೆ ಕಾರ್ಖಾನೆಯ ಚಿಂತೆ ಅಷ್ಟಿರಲಿಲ್ಲ. ಮಾದೇವಿಯ ಮನೆಗೆ ಹೋಗಿ ಹೇಗೆ ಮುಖ ತೋರಿಸಲಿ ಎಂಬುದೇ ಚಿಂತೆ. ಮಳೆಗಾಲವೆಲ್ಲ ಹೋಗದೆ ಉಳಿದಳು. ಅಷ್ಟರಲ್ಲಿ ಅನೂಪ ಮೊದಲ ಪಾಕೀಟು ಕೊಡಲು ಆ ಕೇರಿಗೆ ಹೋದವನು ಬಾಯಿ ಮುಚ್ಚಿಕೊಂಡು ಬರಬೇಕಲ್ಲ? ಬಾಟಲಿ ಯಾಕಿಲ್ಲ ಎಂದು ಕೇಳಿದ್ದಕ್ಕೆ ಇದ್ದದ್ದೆಲ್ಲ ಹೇಳಿ ಬಂದಿದ್ದ. ಸುಚಿತಕ್ಕ ಭಟ್ಟರ ಪೈಕಿ, ಶೆಟ್ಲಿ ತಿನ್ನುವವಳೇ ಅಲ್ಲ ಎಂಬುದನ್ನೂ. ನನಗೆ ತಿಳಿದದ್ದು ತಡವಾಗಿ. ಸುಚಿತಾಳಿಗೆ ಹೇಳಿದೆ. ಮಾರನೆಯ ದಿನವೇ ನನ್ನ ಸ್ಕೂಟರಿನ ಹಿಂದೆ ಕೂತು ಧಾರೇಶ್ವರಕ್ಕೆ ಹೊರಟಳು.

ಮಾದೇವಿ ಅಂಗಳದಲ್ಲಿ ಬಲೆಯ ಮೇಲೆ ಮೀನು ಹರಡುತ್ತಿದ್ದಳು. ನಮ್ಮನ್ನು ನೋಡಿದ ಕೂಡಲೇ ಎದ್ದು ನಿಂತು, ಕೈ ಒರೆಸಿಕೊಂಡು, ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದ್ದಳು. “ಬನ್ನಿ ಅಮ್ಮ,” ಎಂದಳು. ಸುಚಿತಾ ಅಲ್ಲೇ ನಿಂತುಬಿಟ್ಟಳು. ಅವಳಿಗೆ ಹೇಳಲು ಎಷ್ಟೋ ಮಾತಿತ್ತು; ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೆ ಅದನ್ನೇ ಹೇಳಿಕೊಳ್ಳುತ್ತ ಬಂದಿದ್ದಳು. ಈಗ ತಡವರಿಸುತ್ತ, ಮೋಸ ಮಾಡಬೇಕೆಂದು ಮಾಡಿದ್ದಲ್ಲ, ನಿಮ್ಮ ಮನೆ ತಪ್ಪಿಹೋಗುತ್ತದೆ ಎಂದು ಹೇಳಲಿಲ್ಲ ಎಂದಷ್ಟೇ ಹೇಳಲು ಸಾಧ್ಯವಾಯಿತು.

ಮಾದೇವಿ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. “ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಮ್ಮ,” ಎಂದಳು. “ಶೆಟ್ಲಿ ಬದ್ಲು ಎರಡು ಬಾಳೆಕಾಯಿ ಇಟ್ಟಿ ಕೊಡ್ತಿದ್ದೆ ನಾನು. ಬಾಳೆ ಇತ್ತಲ್ಲ ಹಿತ್ಲಲ್ಲಿ.”

ಅಷ್ಟೇ ಆಗುತ್ತಿತ್ತು. ಎರಡು ಬಾಳೆಕಾಯಿ. ಸುಚಿತಾ ಅಳತೊಡಗಿದಳು. ನಾನು ಸಮುದ್ರದ ಕಡೆ ತಿರುಗಿ ನಿಂತೆ.

ಮಾದೇವಿ ಸೊಸೆಯನ್ನು ಕರೆದು ಮೆಲ್ಲಗೆ ಏನೋ ಹೇಳಿದಳು. ಸೊಸೆ ಹಿತ್ತಲಿಗೆ ಹೋಗಿ ಒಂದು ಎಳನೀರು ತಂದು, ಕತ್ತಿಯನ್ನು ತೊಳೆದು, ನಮ್ಮ ಎದುರೇ ಕೆತ್ತಿ ಕಟ್ಟೆಯ ಮೇಲಿಟ್ಟಳು. ಅದರ ಅರ್ಥ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯೊಳಗಿನ ನೀರು ಕುಡಿಯದ ದೊಡ್ಡ ಜಾತಿಯವರು ಬಂದರೆ ನನ್ನ ಅಜ್ಜನೂ ಹೀಗೆಯೇ ಎಳನೀರು ಕೆತ್ತಿಸಿ ಇಡುತ್ತಿದ್ದ. ನನಗೆ ಮಾತ್ರ ಒಳಗಿನಿಂದ ಲೋಟದಲ್ಲಿ ಚಾ ಬಂತು.

“ನಂಗೂ ಚಾ ಸಾಕು ಮಾದೇವಕ್ಕ,” ಎಂದಳು ಸುಚಿತಾ.

“ಬ್ಯಾಡ ಅಮ್ಮ. ಗೊತ್ತಿಲ್ದೆ ಕುಡ್ಸಿದ್ದು ಆಗಿ ಹೋತು. ಇನ್ನು ಗೊತ್ತಿದ್ದೂ ಕುಡ್ಸೂಕೆ ನನ್ನ ಕೈ ಬರೂದಿಲ್ಲ.”

ಆ ಮಾತಿನಲ್ಲಿ ಚುಚ್ಚುವ ಉದ್ದೇಶ ಒಂದಿಷ್ಟೂ ಇರಲಿಲ್ಲ. ಮೊಮ್ಮಗಳು ಓಡಿ ಬಂದು ಸುಚಿತಾಳ ಸೀರೆ ಹಿಡಿದಾಗ ಸೊಸೆ ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ಸುಚಿತಾ ಅಂಗಳದಲ್ಲಿ ನಿಂತೇ ಎಳನೀರು ಕುಡಿದಳು, ಒಂದು ಹನಿ ಉಳಿಸದೆ. ಕುಡಿದು ಮುಗಿಸಿ ಬುರುಡೆಯನ್ನು ಮಾದೇವಿಯ ಕೈಗೆ ಕೊಡಲು ಚಾಚಿದಳು. ಮಾದೇವಿ ಕೈ ಮುಂದೆ ಮಾಡಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದಳು.

“ಅಲ್ಲೇ ಕೆಳ್ಗೆ ಇಡಿ ಅಮ್ಮ,” ಎಂದಳು. “ನೀವು ಹೋದ್ಮೇಲೆ ನಾ ತೆಗೀತೆ.”